ಎದುರು ವಕೀಲರು ಬೇಕಾಗಿದ್ದಾರೆ

ನಾನು ಒಂದು ಕೆರೆಯನ್ನು ಎತ್ತಿ ಇಟ್ಟವನು. ಕೊಚ್ಚಿಕೊಳ್ಳುತ್ತಿಲ್ಲ, ಕೋರ್ಟಿನ ಕಡತದಲ್ಲಿ ದಾಖಲೆ ಇದೆ. ಪೂರ್ವದಲ್ಲಿದ್ದ ಕೆರೆ, ಏರಿ ತೂಬುಗಳ ಸಮೇತ, ಒಂದೇ ಸಾಲಿನಲ್ಲಿ ಪಶ್ಚಿಮಕ್ಕೆ ಹೋಯಿತು. ಗೊರೂರಿನಲ್ಲಿ ಹೇಮಾವತಿಗೆ ಅಡ್ಡಗಟ್ಟೆ ಹಾಕಲು ಸರ್ಕಾರಕ್ಕೆ ವರ್ಷಗಟ್ಟಲೆ ಹಿಡಿಯಿತು. ನನಗೆ ಬೇಕಾದದ್ದು ಒಂದು ಹಳೇ ಕಂಪ್ಯೂಟರು, ರಾತ್ರಿ ಹನ್ನೊಂದೂವರೆ ಗಂಟೆ, ಅರ್ಧ ನಿದ್ದೆ.

ದಾವೆಯ ಷೆಡ್ಯೂಲಿನಲ್ಲಿ ಚೆಕ್ಕುಬಂದಿ ಬರೆಯುವಾಗ ಆದ ಪವಾಡ ಇದು. ನಾಲ್ಕು ದಿಕ್ಕಿಗೆ ನಾಲ್ಕು ಸಾಲು, ಇಷ್ಟೇ ಕೆಲಸ. ಬರೆದೆ, ಓದಿದೆ, ಮತ್ತೊಮ್ಮೆ ಓದಿದೆ. ನಾನೇ ಬರೆದದ್ದನ್ನು ನಾನೇ ಓದಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಹಾಗೆ. ಹಾಕಿದ್ದೂ ಆಯಿತು. ಇಷ್ಯೂ ಫ್ರೇಮ್ ಆಗಿ ನಮ್ಮ ಕಕ್ಷಿದಾರ ಅಜ್ಜ ಕಟಕಟೆ ಹತ್ತಿದ ದಿನ ಎದುರು ವಕೀಲರು ಎದ್ದು ನಿಂತರು. ಅವರ ದನಿಯಲ್ಲಿ ಅನುಮಾನ ಬರುವಷ್ಟು ಬೆಣ್ಣೆ ಇತ್ತು.

"ಯಜಮಾನ್ರೇ, ಬೆಳಿಗ್ಗೆ ಹೊಲದಲ್ಲಿ ನಿಂತು ಹೊತ್ತು ಹುಟ್ಟೋ ಕಡೆ ನೋಡಿದ್ರೆ ಏನು ಕಾಣುತ್ತೆ?"

"ಕೆರೆ ಸ್ವಾಮಿ."

"ಆ ಕಡೆ ನಿಮ್ಮ ದಾಯಾದಿ ಹೊಲ ಅಂತ ನೀವೇ ಸಹಿ ಹಾಕಿದ ಕಾಗದದಲ್ಲಿ ಇದೆಯಲ್ಲ?"

ಅಜ್ಜ ಒಮ್ಮೆ ನನ್ನ ಮುಖ ನೋಡಿದ. ನಂತರ ನ್ಯಾಯಾಧೀಶರ ಕಡೆ ತಿರುಗಿ, "ಬರೆದೋರು ಅಲ್ಲೇ ಕೂತವ್ರೆ, ಕೇಳಿ ಬುದ್ದಿ" ಅಂದ.

ತಿದ್ದುಪಡಿ ಅರ್ಜಿ ಹಾಕಿದೆ, ಸಿವಿಲ್ ಪ್ರೊಸೀಜರ್ ಕೋಡಿನ ಆರ್ಡರ್ 6, ರೂಲ್ 17. ಈ ರೂಲಿಗೆ 2002ರಲ್ಲಿ ಒಂದು ಬಾಲ ಅಂಟಿಸಿದ್ದಾರೆ: ವಿಚಾರಣೆ ಶುರುವಾದ ಮೇಲೆ ತಿದ್ದಬೇಕಾದರೆ, ತಕ್ಕ ಎಚ್ಚರ ವಹಿಸಿದ್ದರೂ ಮೊದಲೇ ಹೇಳಲು ಆಗುತ್ತಿರಲಿಲ್ಲ ಅಂತ ಕೋರ್ಟಿಗೆ ಮನವರಿಕೆ ಮಾಡಿಕೊಡಬೇಕು. ಅಂದರೆ ಎಷ್ಟೇ ಎಚ್ಚರ ವಹಿಸಿದರೂ ಕೆರೆ ಎಲ್ಲಿದೆ ಅಂತ ಗೊತ್ತಾಗಲಿಲ್ಲ ಅಂತ ನಾನು ಅಫಿಡವಿಟ್ಟು ಬರೆದು, ಅದರ ಮೇಲೆ ಅಜ್ಜನ ಕೈಲಿ ಸಹಿ ಹಾಕಿಸಬೇಕಾಯಿತು. ಅಜ್ಜ ಹುಟ್ಟಿದಾಗಿನಿಂದ ಅದೇ ಕೆರೆಯಲ್ಲಿ ಎಮ್ಮೆ ತೊಳೆದವನು. ಅರ್ಜಿಗೆ ಅವಕಾಶ ಸಿಕ್ಕಿತು, ಖರ್ಚು ಕಟ್ಟಿ ಅಂತ ಆದೇಶವೂ ಸಿಕ್ಕಿತು. ಖರ್ಚು ನನ್ನ ಜೇಬಿನಿಂದಲೇ ಹೋಯಿತು ಅಂತ ಬೇರೆ ಹೇಳಬೇಕಿಲ್ಲ.

ಆಮೇಲೆ ಕ್ಯಾಂಟೀನಿನಲ್ಲಿ ಅದೇ ಎದುರು ವಕೀಲರು ಕಾಫಿ ಕೊಡಿಸಿದರು. "ಹಾಕೋಕೆ ಮುಂಚೆ ಒಂದ್ಸಲ ತೋರಿಸಬಾರದಿತ್ತೇನಯ್ಯಾ?" ಅಂದರು. "ಯಾರಿಗೆ ಸಾರ್?" ಅಂದೆ. "ಯಾರಿಗಾದ್ರೂ."

ಆ "ಯಾರಿಗಾದ್ರೂ" ಇದೆಯಲ್ಲ, ಅದೇ ನೋಡಿ ನನ್ನ ನಿದ್ದೆ ಕೆಡಿಸಿದ್ದು.

ಕಟ್ಟಾಯ ಗೊತ್ತಿಲ್ಲದವರಿಗೆ ಒಂದು ಮಾತು. ಹಾಸನ ತಾಲ್ಲೂಕಿನ ಒಂದು ಹೋಬಳಿ ನಮ್ಮದು. ತಾಲ್ಲೂಕು ಹಾಸನ, ಓಟು ಮಾತ್ರ ಸಕಲೇಶಪುರ ಕ್ಷೇತ್ರಕ್ಕೆ. ಇಂಥ ಕಡೆ ಹುಟ್ಟಿದವನಿಗೆ ಜೂರಿಸ್ಡಿಕ್ಷನ್ ಅನ್ನುವ ಪ್ರಶ್ನೆ ತಾಯಿಹಾಲಿನ ಜೊತೆಗೇ ಬಂದಿರುತ್ತದೆ. ಮನೆ ಜಗಲಿಯಲ್ಲೇ ನನ್ನ ಆಫೀಸು. ಕಕ್ಷಿದಾರರ ನೆಂಟಸ್ತಿಕೆ ಎಲ್ಲಿಗೆ ಎಳೆಯುತ್ತದೋ ಅಲ್ಲಿಗೆ ನಾನೂ: ಹಾಸನದ ಕೋರ್ಟು, ಹೊಳೆನರಸೀಪುರದ ಕೋರ್ಟು, ಅರಕಲಗೂಡು, ಚನ್ನರಾಯಪಟ್ಟಣ. ಕರಿ ಕೋಟು ಬ್ಯಾಗಿನಲ್ಲಿ, ಬ್ಯಾಗು ತೊಡೆ ಮೇಲೆ, ತೊಡೆ ಸರ್ಕಾರಿ ಬಸ್ಸಿನಲ್ಲಿ. ನನ್ನ ಚೇಂಬರಿಗೆ ಸೀನಿಯರ್ ನಾನೇ, ಜೂನಿಯರ್ ನಾನೇ, ಗುಮಾಸ್ತನೂ ನಾನೇ. ಸೀನಿಯರು ಜೂನಿಯರಿಗೆ ಒಂದು ದಿನವೂ ಬೈದಿಲ್ಲ. ಜೂನಿಯರು ಕೆಟ್ಟಿದ್ದೇ ಅದರಿಂದ.

ನಮ್ಮ ತಂದೆ ಆಲೂಗಡ್ಡೆ ಬೆಳೆದವರು. ವಕೀಲರ ಮನೆತನದಲ್ಲಿ ಹುಟ್ಟಿದವರಿಗೆ ಬೀರುವಿನಲ್ಲಿ ಐಎಲ್‌ಆರ್ ಸಂಪುಟಗಳೂ, ಪಡಸಾಲೆಯಲ್ಲಿ ಬೈಯುವ ದೊಡ್ಡಪ್ಪನೂ ಪಿತ್ರಾರ್ಜಿತವಾಗಿ ಬರುತ್ತಾರೆ. ನಮ್ಮಂಥವರು ಒಬ್ಬ ಸೀನಿಯರ ಹತ್ತಿರ ಎರಡು ಮೂರು ವರ್ಷ ಡೇಟ್ ತೆಗೆದುಕೊಂಡು, ಪಾಸ್ ಓವರ್ ಕೇಳಿ, ಒಂದು ದಿನ ಧೈರ್ಯ ಮಾಡಿ ಸ್ವಂತ ಬೋರ್ಡು ಹಾಕಿಕೊಂಡೆವು ಅಂದರೆ ಮುಗಿಯಿತು. ಆಮೇಲೆ ಕೇಳಲು ಬಾಯಿ ಬರುವುದಿಲ್ಲ. ಡಾಕ್ಟರು ಇನ್ನೊಬ್ಬ ಡಾಕ್ಟರ ಹತ್ತಿರ ಕಳಿಸಿದರೆ ಜನ "ರೆಫರ್ ಮಾಡಿದರು" ಅನ್ನುತ್ತಾರೆ, ದುಡ್ಡು ಹೊಂದಿಸಿಕೊಂಡು ಹೋಗುತ್ತಾರೆ. ವಕೀಲ ಇನ್ನೊಬ್ಬ ವಕೀಲನ ಹತ್ತಿರ ಹೋದರೆ "ಇವನಿಗೆ ಗೊತ್ತಿಲ್ಲ" ಅನ್ನುತ್ತಾರೆ, ಎನ್‌ಒಸಿ ಇಸ್ಕೊಂಡು ಹೋಗುತ್ತಾರೆ. ಒಬ್ಬರನ್ನೂ ಕೇಳದೆ ಸಹಿ ಹಾಕಬೇಡಿ ಅಂತ ದಿನಕ್ಕೆ ಹತ್ತು ಜನಕ್ಕೆ ಹೇಳಿ ಫೀಸು ಇಸ್ಕೊಳ್ಳುವ ನಾವು, ನಮ್ಮ ಕಾಗದಕ್ಕೆ ಯಾರನ್ನೂ ಕೇಳದೆ ಸಹಿ ಹಾಕುತ್ತೇವೆ.

ಕೇಳಲೇಬೇಕಾದಾಗ ಬಾರ್ ರೂಮಿನಲ್ಲಿ ಒಂದು ವರಸೆ ಇದೆ. ಗುಪ್ತರೋಗ ಬಂದವನು "ನಮ್ಮ ಫ್ರೆಂಡಿಗೆ ಡಾಕ್ಟ್ರೇ" ಅನ್ನುವ ಹಾಗೆ, "ನಮ್ಮ ಕಡೆ ಹುಡುಗ ಒಬ್ಬ ಕೇಳ್ತಿದ್ದ ಸಾರ್" ಅಂತ ಶುರು ಮಾಡುವುದು. ಆ ಹುಡುಗನ ಅಜ್ಞಾನದ ಬಗ್ಗೆ ಇಬ್ಬರೂ ಸೇರಿ ಸ್ವಲ್ಪ ಹೊತ್ತು ಮರುಗುವುದು. ಹಿರಿಯರು ಕೊಡುವ ಉತ್ತರವೋ, ತಾವು ಗೆದ್ದ ಒಂದು ಹಳೇ ಕೇಸಿನ ಹರಿಕಥೆ. ಅದು ನಮ್ಮ ಪ್ರಶ್ನೆಯನ್ನು ದೂರದಿಂದ ನೋಡಿ ಕೈಬೀಸಿ ಹೋಗಿರುತ್ತದೆ. ಓರಗೆಯವರದು ಒಂದೇ ಮಾತು: "ಏನಾಗಲ್ಲ, ಹಾಕ್ಬಿಡು." ಈ "ಹಾಕ್ಬಿಡು" ನಂಬಿ ಎಷ್ಟು ಕೇಸು ಮುಳುಗಿವೆಯೋ, ಹೇಮಾವತಿ ಹಿನ್ನೀರಿನಲ್ಲೂ ಅಷ್ಟು ಮುಳುಗಿರಲಾರದು. ವಾಟ್ಸಾಪ್ ಗ್ರೂಪಿನಲ್ಲಿ ಕೇಳೋಣ ಅಂತ ಒಂದು ರಾತ್ರಿ ಪ್ರಶ್ನೆ ಹಾಕಿದೆ. ಬೆಳಿಗ್ಗೆ ನೋಡಿದರೆ ಅದರ ಕೆಳಗೆ ಹದಿನಾರು ಗುಲಾಬಿ ಹೂವು, ಮೂರು ಜನ್ಮದಿನದ ಶುಭಾಶಯ, ಬೇರಾವುದೋ ರಾಜ್ಯದ ಹೈಕೋರ್ಟಿನ ತೀರ್ಪೊಂದು. ತೀರ್ಪು ಇದ್ದದ್ದು ಬಾಡಿಗೆ ಮನೆ ಬಗ್ಗೆ. ನಾನು ಕೇಳಿದ್ದು ಪೋಡಿ ಬಗ್ಗೆ.

ಇನ್ನೊಂದು ತೊಡಕು ಗುಟ್ಟಿನದು. ಕಕ್ಷಿದಾರ ಹೇಳಿದ್ದನ್ನು ವಕೀಲ ಅವನ ಒಪ್ಪಿಗೆಯಿಲ್ಲದೆ ಬಿಟ್ಟುಕೊಡುವಂತಿಲ್ಲ. 1872ರ ಸಾಕ್ಷ್ಯ ಕಾಯಿದೆಯ 126ನೇ ಸೆಕ್ಷನ್ ಹೇಳುತ್ತಿದ್ದ ಮಾತು ಇದು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯದು ಹೇಳುತ್ತದೆ. ಬೆಂಗಳೂರಿನವರಿಗೆ ಸುಲಭ. "ಎ ಅನ್ನುವವನಿಗೆ ಬಿ ಅನ್ನುವ ತಮ್ಮ" ಅಂದರೆ ಸಾಕು, ಊರೆಲ್ಲ ಎ-ಗಳು, ಊರೆಲ್ಲ ಬಿ-ಗಳು. ನಮ್ಮ ಹೋಬಳಿಯಲ್ಲಿ ಪ್ರಯತ್ನ ಮಾಡಿ ನೋಡಿ. "ಎ ಅಂತ ಇಟ್ಕೊಳ್ಳಿ ಸಾರ್, ಅವನಿಗೆ ಎರಡು ಎಕರೆ ಹತ್ತು ಗುಂಟೆ. ತಮ್ಮ ಬಿ ಮೈಸೂರಲ್ಲಿ..." ಅನ್ನುವಷ್ಟರಲ್ಲಿ ಪಕ್ಕದ ಕುರ್ಚಿಯಿಂದ, "ಓ, ಆ ಬೋರ್‌ವೆಲ್ ಕೇಸಾ? ಬಿ ಹೆಂಡ್ತಿ ನಮ್ಮ ಭಾವಮೈದನ ಕಡೆಯೋಳು" ಅಂತ ಉತ್ತರ ಬರುತ್ತದೆ. ನಂತರ ಎ ಬಗ್ಗೆ ನನಗೆ ಗೊತ್ತಿಲ್ಲದ ಐದು ಸಂಗತಿಗಳೂ ಬರುತ್ತವೆ. ಅದರಲ್ಲಿ ಎರಡು ನನ್ನ ವಾದಪತ್ರಕ್ಕೇ ವಿರುದ್ಧ.

ಹಾಗಾಗಿ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಮೊದಲು ಕಕ್ಷಿದಾರನನ್ನೇ ಕೇಳುವುದು: ಇನ್ನೊಬ್ಬರಿಗೆ ತೋರಿಸಲಾ? "ತೋರ್ಸಿ ಸ್ವಾಮಿ, ನಮ್ಮೂರೋರು ಮಾತ್ರ ಬ್ಯಾಡ" ಅನ್ನುತ್ತಾರೆ. ಹಾಸನದ ಕೇಸಿಗೆ ಅರಕಲಗೂಡಿನಲ್ಲಿ ಕೇಳುತ್ತೇನೆ, ಅರಕಲಗೂಡಿನದನ್ನು ಚನ್ನರಾಯಪಟ್ಟಣದಲ್ಲಿ. ತಂಬಾಕಿನ ಸೀಮೆಯ ಅಣ್ಣತಮ್ಮಂದಿರ ಜಗಳ ತೆಂಗಿನ ಸೀಮೆಯವರಿಗೆ ಬರೀ ಕಾನೂನಿನ ಪ್ರಶ್ನೆಯಾಗಿ ಕಾಣುತ್ತದೆ, ನೆಂಟಸ್ತಿಕೆ ಅಡ್ಡ ಬರುವುದಿಲ್ಲ. ಅದೂ ಪೂರ್ತಿ ನಂಬುವಂತಿಲ್ಲ. ಹಾಸನ ಜಿಲ್ಲೆಯಲ್ಲಿ ಮದುವೆ ಸಂಬಂಧ ಹರಡಿರುವಷ್ಟು ಹೇಮಾವತಿ ನಾಲೆ ಹರಡಿಲ್ಲ.

ನಮ್ಮ ಬಾರ್ ಕೌನ್ಸಿಲ್ ಈ ಬಗ್ಗೆ ಏನಾದರೂ ಹೇಳಿದೆಯೇ ಅಂತ ಹುಡುಕಿದೆ. "ಸಹೋದ್ಯೋಗಿಗಳಿಗೆ ಕರ್ತವ್ಯ" ಅಂತ ಒಂದು ವಿಭಾಗವೇ ಇದೆ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮಗಳಲ್ಲಿ, 36ರಿಂದ 39ರವರೆಗೆ. ಆಸೆಯಿಂದ ಓದಿದೆ. ಜಾಹೀರಾತು ಕೊಟ್ಟು ಕಕ್ಷಿದಾರರನ್ನು ಸೆಳೆಯಬೇಡ. ಬೋರ್ಡು ಮಿತವಾದ ಅಳತೆಯಲ್ಲಿರಲಿ, ಅದರ ಮೇಲೆ ಸಂಘದ ಅಧ್ಯಕ್ಷ, ಇಂಥ ವಿಷಯದ ಪರಿಣತ ಅಂತೆಲ್ಲ ಬರೆಸಬೇಡ. ಅನಧಿಕೃತವಾಗಿ ವಕೀಲಿ ಮಾಡುವವರಿಗೆ ನಿನ್ನ ಹೆಸರು ಎರವಲು ಕೊಡಬೇಡ. ಕೊಡಲು ಶಕ್ತಿ ಇರುವವನಿಂದ ನಿಗದಿಗಿಂತ ಕಡಿಮೆ ಫೀಸು ಇಸ್ಕೊಬೇಡ. ಇನ್ನೊಬ್ಬರು ವಕಾಲತ್ತು ಹಾಕಿದ ಕೇಸಿಗೆ ಅವರ ಒಪ್ಪಿಗೆ ಇಲ್ಲದೆ ಕೈ ಹಾಕಬೇಡ. ಒಟ್ಟಿನಲ್ಲಿ ಸಹೋದ್ಯೋಗಿಯ ತಟ್ಟೆಗೆ ಕೈ ಹಾಕಬೇಡ ಅನ್ನುವುದನ್ನು ನಾಲ್ಕು ಬಗೆಯಲ್ಲಿ ಹೇಳಿದ್ದಾರೆ. ಅವನ ತಟ್ಟೆಯಲ್ಲಿ ಕಲ್ಲಿದ್ದರೆ ಹೇಳು ಅಂತ ಆ ನಾಲ್ಕರಲ್ಲಿ ಎಲ್ಲೂ ಇಲ್ಲ.

ಕಲ್ಲು ತೋರಿಸುವವರು ಇಲ್ಲವೇ ಇಲ್ಲ ಅಂತಲ್ಲ. ಪ್ರತಿ ಕೋರ್ಟಿನ ಎದುರು ಒಂದು ಡಿಟಿಪಿ ಅಂಗಡಿ ಇರುತ್ತದೆ. ನಾನು ಹೋಗುವ ಅಂಗಡಿಯಲ್ಲಿ ಟೈಪು ಮಾಡುವ ಹೆಣ್ಣುಮಗಳು ಕಾನೂನು ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಆದರೆ ಊರಿನ ವಕೀಲರೆಲ್ಲರ ಡ್ರಾಫ್ಟು ಅವಳ ಬೆರಳಿನಿಂದಲೇ ಇಳಿಯಬೇಕು. ಯಾರ ಭಾಷೆ ಹೇಗೆ, ಯಾರು ಯಾರ ಡ್ರಾಫ್ಟು ಕದ್ದರು, ಯಾವ ಪ್ಯಾರಾ ಯಾವ ಕೇಸಿನಿಂದ ಹಾರಿ ಬಂದು ಇಲ್ಲಿ ಕೂತಿತು, ಎಲ್ಲ ಅವಳಿಗೆ ಗೊತ್ತು. ಒಂದು ದಿನ ಟೈಪು ಮಾಡುತ್ತಲೇ, "ಸಾರ್, ಕಾಸ್ ಆಫ್ ಆಕ್ಷನ್ ಪ್ಯಾರಾ ಬಿಟ್ಟಿದ್ದೀರ" ಅಂದಳು. ದಾವೆಗೆ ಕಾರಣ ಯಾವಾಗ, ಹೇಗೆ ಹುಟ್ಟಿತು ಅಂತ ವಾದಪತ್ರದಲ್ಲಿ ಇರಲೇಬೇಕು, ಆರ್ಡರ್ 7ರ ಮೊದಲ ರೂಲೇ ಅದು. ಕಾರಣವೇ ಕಾಣದ ವಾದಪತ್ರವನ್ನು ಅದೇ ಆರ್ಡರಿನ 11ನೇ ರೂಲಿನಲ್ಲಿ ಎತ್ತಿ ಬಿಸಾಕಬಹುದು. ನಾನು ತಲೆ ಕೆರೆದುಕೊಂಡೆ. "ಎಲ್ರೂ ಕೋರ್ಟ್ ಫೀ ಪ್ಯಾರಾಕ್ಕಿಂತ ಮುಂಚೆ ಹಾಕ್ತಾರೆ. ಹೋದ ವಾರ ಇಂಥೋರು ಬಿಟ್ಟಿದ್ರು, ಅವರಿಗೂ ನಾನೇ ಹೇಳಿದೆ" ಅಂದಳು. ಆ ಇಂಥೋರ ಹೆಸರು ಕೇಳಿ ನನಗೆ ಆದ ಸಮಾಧಾನ ಯಾವ ತೀರ್ಪಿನಿಂದಲೂ ಆಗಿಲ್ಲ. ಪುಟಕ್ಕೆ ಇಷ್ಟು ಅಂತ ಅವಳ ದರ. ಸಲಹೆ ಪುಕ್ಕಟೆ.

ಹೆಮ್ಮೆ ಇಳಿಸಲು ಸರ್ಕಾರವೂ ಒಮ್ಮೆ ಸಹಾಯ ಮಾಡಿತು. 2024ರ ಜುಲೈ 1. ಹಿಂದಿನ ರಾತ್ರಿ ಹನ್ನೆರಡರವರೆಗೆ 1860ರ ಪೀನಲ್ ಕೋಡು, ಗಡಿಯಾರ ಹನ್ನೆರಡು ಹೊಡೆದ ಮೇಲೆ ಭಾರತೀಯ ನ್ಯಾಯ ಸಂಹಿತೆ. 511 ಸೆಕ್ಷನ್ನು ಹೋಗಿ 358 ಬಂದವು. ನಲವತ್ತು ವರ್ಷದಿಂದ 302 ಅಂದರೆ ಕೊಲೆ ಅಂತ ನಿದ್ದೆಯಲ್ಲೂ ಹೇಳುತ್ತಿದ್ದ ಹಿರಿಯರು ಈಗ 103 ಅನ್ನಬೇಕು. ಸಿನಿಮಾ ಡೈಲಾಗಿನಲ್ಲಿ ಬೈಗುಳವಾಗಿ ಬಾಳಿದ ಫೋರ್‌ಟ್ವೆಂಟಿ ಈಗ 318ರ ನಾಲ್ಕನೇ ಉಪಸೆಕ್ಷನ್ನು. "ಅವನೊಬ್ಬ ತ್ರೀ ಎಯ್ಟೀನ್ ಸಬ್ ಸೆಕ್ಷನ್ ಫೋರ್" ಅಂತ ಯಾರಿಗಾದರೂ ಬೈದು ನೋಡಿ, ಬೈಸಿಕೊಂಡವನು ಥ್ಯಾಂಕ್ಸ್ ಹೇಳಿ ಹೋಗುತ್ತಾನೆ. ಅವತ್ತು ಬಾರ್ ರೂಮಿನಲ್ಲಿ ಎಂಥ ಚಂದ ಅಂತೀರಿ! ಎಲ್ಲರ ಕೈಯಲ್ಲೂ ಹಳೆಯದು ಇಷ್ಟು, ಹೊಸದು ಇಷ್ಟು ಅಂತ ಮಗ್ಗಿ ಪುಸ್ತಕದಂಥ ಪಟ್ಟಿ. ದೊಡ್ಡ ದೊಡ್ಡವರು ನಿನ್ನೆ ಮೊನ್ನೆ ಎನ್‌ರೋಲ್ ಆದ ಹುಡುಗರ ಹತ್ತಿರ, "ಏ, ಜಾಮೀನು ಯಾವುದಕ್ಕೆ ಹೋಯ್ತೋ?" ಅಂತ ಕೇಳುತ್ತಿದ್ದರು. "ನಮ್ಮ ಕಡೆ ಹುಡುಗ ಒಬ್ಬ ಕೇಳ್ತಿದ್ದ" ಅನ್ನುವ ಪೀಠಿಕೆ ಕೆಲವು ತಿಂಗಳು ಯಾರ ಬಾಯಲ್ಲೂ ಬರಲಿಲ್ಲ. ಪಟ್ಟಿ ಬಾಯಿಪಾಠವಾದ ಮೇಲೆ ಹುಡುಗ ವಾಪಸು ಬಂದ.

ಕಿರಿಯರನ್ನು ಕೇಳುವುದರಲ್ಲಿ ಒಂದು ಉರಿ ಇದೆ ನೋಡಿ. ಅರಕಲಗೂಡು ಕೋರ್ಟಿಗೆ ಬರುವ ಹುಡುಗಿಯೊಬ್ಬಳಿಗೆ ಒಂದು ಭಾಗದ ದಾವೆಯ ತಕರಾರು ತೋರಿಸಿದ್ದೆ. ನಮ್ಮ ಕಡೆಯವರು ಅಣ್ಣಂದಿರು, ದಾವೆ ಹಾಕಿದವಳು ತಂಗಿ. "ವಾದಿಗೆ 1994ರ ಜುಲೈ 30ಕ್ಕೆ ಮುಂಚೆಯೇ ಮದುವೆಯಾಗಿದ್ದು, ಭಾಗ ಕೇಳಲು ಹಕ್ಕಿರುವುದಿಲ್ಲ" ಅಂತ ಕಂಚಿನ ಕಂಠದಲ್ಲಿ ಬರೆದಿದ್ದೆ. ಕರ್ನಾಟಕದ ತಿದ್ದುಪಡಿ ಹಾಗೆ ಹೇಳುತ್ತಿದ್ದದ್ದು ನಿಜವೇ. ಕಾಲೇಜಿನಲ್ಲಿ ಓದಿದ್ದು ತಲೆಯಲ್ಲಿ ಬೇರು ಬಿಟ್ಟಿತ್ತು. ಅವಳು ಓದಿ, ಪೆನ್ನಿನ ಹಿಂಭಾಗದಿಂದ ಆ ಸಾಲನ್ನು ಮೆಲ್ಲಗೆ ತಟ್ಟಿ, "ಸಾರ್, 2005ರ ಸೆಂಟ್ರಲ್ ಅಮೆಂಡ್‌ಮೆಂಟಲ್ಲಿ ಮದುವೆ ಆಗಿದ್ರೂ ಆಗದಿದ್ರೂ ಮಗಳು ಮಗಳೇ ಅಲ್ವಾ? ವಿನೀತಾ ಶರ್ಮಾ ತೀರ್ಪು 2020ರಲ್ಲೇ ಬಂತಲ್ಲ" ಅಂದಳು. ಮುಂದುವರಿದು, "2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ಡ್ ಪಾಲುಪಟ್ಟಿ ಏನಾದ್ರೂ ಇದೆಯಾ ಕೇಳಿದ್ರಾ?" ಅಂತಲೂ ಕೇಳಿದಳು. ನಾನು ಕೇಳಿರಲಿಲ್ಲ. ಅಣ್ಣಂದಿರನ್ನು ಕರೆಸಿ ಕೇಳಿದೆ. "ಬಾಯಿಮಾತಲ್ಲಿ ಆಗಿತ್ತು" ಅಂದರು. ಅಂಥ ಬಾಯಿಮಾತಿನ ಪಾಲನ್ನು ಕೋರ್ಟು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ, ಅದೂ ಅದೇ ತೀರ್ಪಿನಲ್ಲಿದೆ. ರಾಜಿ ಆಗುವುದು ಒಳ್ಳೆಯದು ಅಂದೆ. ಹಿರಿಯ ಅಣ್ಣ ನನ್ನನ್ನು ಕೆಕ್ಕರಿಸಿ ನೋಡಿ, "ಇನ್ನೊಬ್ರಿಗೆ ತೋರ್ಸಿ ಇದ್ದ ಕೇಸೂ ಕಳೆದ್ರಲ್ಲ ಸಾರ್!" ಅಂದ. ಸಲಹೆ ಕೇಳುವುದರಲ್ಲಿ ಇಂಥ ನಷ್ಟಗಳೂ ಇವೆ. ಆ ಹುಡುಗಿಗೆ ಕಾಫಿ ಕೊಡಿಸಿದೆ. ಒಂದು ವಾರ ಅವಳ ಎದುರು ಹೋಗದ ಹಾಗೆ ಓಡಾಡಿದೆ, ಅದನ್ನೂ ಹೇಳಿಬಿಡುತ್ತೇನೆ.

ನಾಚಿಕೆ ನಮಗೊಬ್ಬರಿಗೇ ಅಲ್ಲ. ಬ್ಯಾರಿಸ್ಟರಾಗಿ ಬಂದ ಮೋಹನದಾಸ ಗಾಂಧಿ ಮುಂಬಯಿಯ ಸ್ಮಾಲ್ ಕಾಸ್ ಕೋರ್ಟಿನಲ್ಲಿ ಮೊದಲ ಕೇಸಿಗೆ ಪಾಟೀಸವಾಲು ಮಾಡಲು ಎದ್ದು ನಿಂತು, ತಲೆ ಗಿರ್ರೆಂದು ತಿರುಗಿ, ಒಂದು ಪ್ರಶ್ನೆಯೂ ಬಾಯಿಗೆ ಬಾರದೆ ಕೂತುಬಿಟ್ಟದ್ದನ್ನು ತಮ್ಮ ಆತ್ಮಕಥೆಯಲ್ಲಿ ತಾವೇ ಬರೆದುಕೊಂಡಿದ್ದಾರೆ. ತಮ್ಮ ಮೂವತ್ತು ರೂಪಾಯಿ ಫೀಸು ವಾಪಸು ಇಸ್ಕೊಂಡು ಪಟೇಲ್ ಅನ್ನುವ ವಕೀಲರನ್ನು ಹಿಡಿಯಿರಿ ಅಂದರು. ಪಟೇಲರು ಐವತ್ತೊಂದು ರೂಪಾಯಿಗೆ ಬಂದು ನಡೆಸಿದರು. ಈ ಕಥೆ ಕೇಳಿದವರೆಲ್ಲ ಗಾಂಧಿಯ ಬಗ್ಗೆ ಮಾತಾಡುತ್ತಾರೆ, ನನಗೆ ಪಟೇಲರ ಬಗ್ಗೆ ಕುತೂಹಲ. ಹಿಂದಿನ ಸಂಜೆ ಇಬ್ಬರೂ ಅರ್ಧ ಗಂಟೆ ಕೂತು ಮಾತಾಡಿದ್ದರೆ ಕಕ್ಷಿದಾರಳಿಗೆ ಇಪ್ಪತ್ತೊಂದು ರೂಪಾಯಿ ಉಳಿಯುತ್ತಿತ್ತಲ್ಲ!

ನನಗೆ ಸಿಕ್ಕ ಪಟೇಲರು ಚನ್ನರಾಯಪಟ್ಟಣದಲ್ಲಿದ್ದಾರೆ. ಕಾಲೇಜಿನಲ್ಲಿ ಜೊತೆಗಿದ್ದವನು, ಹುಟ್ಟಾ ಅನುಮಾನಿ. ಹೋಟೆಲಿನಲ್ಲಿ ಇಡ್ಲಿ ಎರಡು ಅಂತ ಹೇಳಿ, ತಂದ ಮೇಲೆ ಎಣಿಸುತ್ತಾನೆ. ಅವನು ನಂಬಿದ್ದು ಅಂದರೆ ಒಂಟಿಕೊಪ್ಪಲ್ ಪಂಚಾಂಗ, ಅದನ್ನೂ ಇನ್ನೊಂದು ಕ್ಯಾಲೆಂಡರ್ ಜೊತೆ ತಾಳೆ ನೋಡಿ. ಪಶ್ಚಿಮದ ಕೆರೆಯನ್ನು ಪೂರ್ವಕ್ಕೆ ತಂದ ನನ್ನ ಖ್ಯಾತಿ ಚನ್ನರಾಯಪಟ್ಟಣದವರೆಗೂ ಹೋಗಿದ್ದರಿಂದ, ನಾನೇ ಫೋನ್ ಮಾಡಿ, "ನನಗೊಬ್ಬ ಎದುರು ವಕೀಲ ಬೇಕು ಕಣೋ, ಕೋರ್ಟಿಗೆ ಹೋಗೋಕೆ ಮುಂಚೆ" ಅಂದಾಗ ಅವನು ನಗಲಿಲ್ಲ. "ಎರಡನೇ ಶನಿವಾರ, ಹೊಳೆನರಸೀಪುರ. ನಿಂದು ನಾನು, ನಂದು ನೀನು. ಚೆನ್ನಾಗಿದೆ ಅಂದವನು ಮಸಾಲೆ ದೋಸೆ ಕೊಡಿಸಬೇಕು" ಅಂದ.

ಮೊದಲ ಶನಿವಾರವೇ ಒಂದು ಚೆಕ್ ಬೌನ್ಸ್ ದೂರು ತೆಗೆದುಕೊಂಡು ಹೋದೆ. ಹೆಸರುಗಳ ಮೇಲೆ ಕರಿ ಮಸಿ ಎಳೆದಿದ್ದೆ. ಸೆಕ್ಷನ್ 138 ಅಂದರೆ ಕಾನೂನಿಗಿಂತ ಹೆಚ್ಚಾಗಿ ದಿನದ ಲೆಕ್ಕ. ಚೆಕ್ ವಾಪಸಾಯಿತು ಅಂತ ಬ್ಯಾಂಕಿನಿಂದ ತಿಳಿದ ಮೂವತ್ತು ದಿನದೊಳಗೆ ನೋಟಿಸು, ನೋಟಿಸು ಕೈಸೇರಿದ ಮೇಲೆ ದುಡ್ಡು ಕೊಡಲು ಹದಿನೈದು ದಿನ, ಅದು ಕಳೆದ ಮೇಲೆ ದೂರು ಹಾಕಲು ಒಂದು ತಿಂಗಳು. ತಡವಾದರೆ ಕೆಟ್ಟಿತು ಅನ್ನುವ ಭಯ ನನಗೆ. "ಬೇಗ ಹಾಕ್ಬಿಡ್ತೀನಿ, ಹದಿನೆಂಟನೇ ತಾರೀಖು" ಅಂದೆ. ಅವನು ಅಂಚೆಯ ರಸೀದಿ ನೋಡಿದ. ನೋಟಿಸು ತಲುಪಿದ್ದು ಮೂರನೇ ತಾರೀಖು. ಮೂರನ್ನು ಬಿಟ್ಟು ನಾಲ್ಕರಿಂದ ಬೆರಳು ಮಡಿಸುತ್ತಾ ಹೋದ. ಒಂದು ಕೈ ಮುಗಿಯಿತು, ಎರಡು ಕೈ ಮುಗಿಯಿತು, ಮೂರನೆಯದಕ್ಕೆ ನನ್ನ ಕೈ ಹಿಡಿದ. ನನ್ನ ಕಿರುಬೆರಳಿಗೆ ಬಂದು ನಿಂತ. "ಹದಿನೆಂಟು ಪೂರ್ತಿ ಅವನದು. ಅವತ್ತು ರಾತ್ರಿ ಹನ್ನೆರಡರ ತನಕ ದುಡ್ಡು ತಂದುಕೊಡೋಕೆ ಅವನಿಗೆ ಹಕ್ಕಿದೆ. ನೀನು ಮಧ್ಯಾಹ್ನವೇ ಹಾಕಿದ್ರೆ ಅದು ದೂರೇ ಅಲ್ಲ, 2014ರಲ್ಲಿ ಸುಪ್ರೀಂ ಕೋರ್ಟು ಹೇಳಿಯಾಗಿದೆ. ಹತ್ತೊಂಬತ್ತಕ್ಕೆ ಹಾಕು."

ತಡವಾಗುವ ಭಯದಲ್ಲಿ ನಾನು ಒಂದು ದಿನ ಮುಂಚೆ ಹೋಗಿ ಕೆಡುತ್ತಿದ್ದೆ. ಇಂಥ ತಪ್ಪನ್ನು ನನ್ನ ಹೆಂಡತಿ ಹಿಡಿಯಲಾರಳು, ಕಕ್ಷಿದಾರ ಹಿಡಿಯಲಾರ. ಅವರಿಬ್ಬರೂ ನಾನು ಗೆಲ್ಲಲಿ ಅನ್ನುವವರು. ಹೋಟೆಲಿನ ಮೂಲೆಯ ಟೇಬಲಿನಲ್ಲಿ ಅರ್ಧ ಗಂಟೆ ನಾನು ಸೋಲಲಿ ಅಂತ ಮನಸಾರೆ ಹಾರೈಸಿದ್ದು ಅವನೊಬ್ಬನೇ.

ಅವನ ಡ್ರಾಫ್ಟು ಓದುವುದು ಮಾತ್ರ ಬೇಸರದ ಕೆಲಸ. ತಪ್ಪೇ ಸಿಗುವುದಿಲ್ಲ. ಮೂರು ತಿಂಗಳು ಸತತವಾಗಿ ನಾನೇ ದೋಸೆ ಕೊಡಿಸಿದೆ. ನಾಲ್ಕನೇ ಸಲ ಒಂದು ಇಂಜಂಕ್ಷನ್ ದಾವೆಯಲ್ಲಿ ಸರ್ವೆ ನಂಬರು ಪಹಣಿಯಲ್ಲಿ ಒಂದು, ವಾದಪತ್ರದಲ್ಲಿ ಒಂದು ಇರುವುದು ಕಣ್ಣಿಗೆ ಬಿತ್ತು. ಆಗ ನಾನು ಕೂಗಿದ ಕೂಗಿಗೆ ಸಪ್ಲೈಯರ್ ಓಡಿ ಬಂದ. ನಾಲ್ಕನೇ ತಿಂಗಳಿಗೆ ಹಿಡಿಯಲಿ ಅಂತ ಅವನೇ ಬೇಕೆಂದು ಬಿಟ್ಟಿದ್ದನೋ ಏನೋ ಅನ್ನುವ ಅನುಮಾನ ಇವತ್ತಿಗೂ ಇದೆ. ಜೊತೆಗಿದ್ದು ಇದ್ದು ಅನುಮಾನ ನನಗೂ ಅಂಟಿತು.

ಈ ಹರಟೆಯನ್ನೂ ಪತ್ರಿಕೆಗೆ ಕಳಿಸುವ ಮುಂಚೆ ಅವನಿಗೇ ತೋರಿಸಿದೆ. ನಗುತ್ತಾನೇನೋ ಅಂತ ಮುಖ ನೋಡುತ್ತಾ ಕೂತೆ. ಕೊನೆಯವರೆಗೂ ಓದಿ, ಕೆಂಪು ಪೆನ್ನು ತೆಗೆದು, ಅಂಚಿನಲ್ಲಿ ಬರೆದುಕೊಟ್ಟ: "ಮೊದಲನೇ ಪ್ಯಾರಾದಲ್ಲಿ ಕೆರೆ ಪೂರ್ವದಿಂದ ಪಶ್ಚಿಮಕ್ಕೆ ಹೋಗಿದೆ. ನನ್ನ ವಿಷಯ ಬರುವ ಕಡೆ ಪಶ್ಚಿಮದಿಂದ ಪೂರ್ವಕ್ಕೆ ಬಂದಿದೆ. ತಿದ್ದುಪಡಿ ಅರ್ಜಿ ಹಾಕ್ತೀಯೋ, ಹಂಗೇ ಬಿಡ್ತೀಯೋ?"

ಹಂಗೇ ಬಿಟ್ಟಿದ್ದೇನೆ. ಅರ್ಜಿಗೆ ಅಫಿಡವಿಟ್ಟು ಬೇಕು, ಅಜ್ಜ ಇನ್ನೊಂದು ಸಲ ಸಹಿ ಹಾಕುವುದಿಲ್ಲ ಅಂದಿದ್ದಾನೆ.